ಹಿಗ್ಗುವ ವಿಶ್ವಗಳ ನಿರ್ದೇಶಾಂಕ ವರ್ಣನೆಗಳು

ಒಂದು ಘಟನೆ ಎಲ್ಲಿ, ಯಾವಾಗ ನಡೆಯಿತು ಎಂಬುದನ್ನು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ನಾಲ್ಕು ಸಂಖ್ಯೆಗಳಿಂದ ಗುರುತಿಸುತ್ತದೆ. ಈ ಸಂಖ್ಯೆಗಳೇ ನಿರ್ದೇಶಾಂಕಗಳು. ಇವನ್ನು ಹಂಚಲು ಇಂಥದೇ ಕ್ರಮ ಎಂಬ ಕಟ್ಟಳೆ ಇಲ್ಲ. ಘಟನೆಗಳಿಗೆ ಗೊಂದಲವಿಲ್ಲದೆ, ಏರುಪೇರಿಲ್ಲದೆ ಸಂಖ್ಯೆ ಕೊಡುವ ಯಾವ ಕ್ರಮವಾದರೂ ಸರಿಯೇ. ಹತ್ತಿರದ ಎರಡು ಘಟನೆಗಳ ನಡುವಿನ ಅಂತರವನ್ನು ಆ ಸಂಖ್ಯೆಗಳಿಂದ ಲೆಕ್ಕ ಹಾಕಿಕೊಡುವ ಸೂತ್ರಕ್ಕೆ ಮೆಟ್ರಿಕ್ ಎಂದು ಹೆಸರು. ನಿರ್ದೇಶಾಂಕ ಬದಲಿಸಿದರೆ ಮೆಟ್ರಿಕ್‌ನ ರೂಪ ಬದಲಾಗುತ್ತದೆ, ಅದು ಹೇಳುವ ಅಂತರ ಬದಲಾಗುವುದಿಲ್ಲ. ಹಾಗಿದ್ದ ಮೇಲೆ, ವಿಶ್ವ ಹಿಗ್ಗುತ್ತಿದೆ ಎಂದಾಗ ಆ ಮಾತಿನಲ್ಲಿ ವಿಶ್ವದ ಪಾಲೆಷ್ಟು, ವರ್ಣನೆಯ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. 1917ರಿಂದ ಮುಂದಿನ ಇಪ್ಪತ್ತು ವರ್ಷಗಳ ವಿಶ್ವವಿಜ್ಞಾನದ ಇತಿಹಾಸ ಬಹುಮಟ್ಟಿಗೆ ಈ ಪ್ರಶ್ನೆಯನ್ನು ಬಿಡಿಸಿಕೊಂಡ ಇತಿಹಾಸವೇ.

ಸಾಗರ ತಾಲೂಕಿನ ಹೊನ್ನೆಮರಡು ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ದಡದಲ್ಲಿದೆ. ಜಲಾಶಯದ ಗರಿಷ್ಠ ಮಟ್ಟ 1819 ಅಡಿ ಎಂದು ಮಳೆಗಾಲದಲ್ಲಿ ಪತ್ರಿಕೆಗಳು ಬರೆಯುತ್ತವೆ. ಇದು ನೀರಿನ ಆಳವಲ್ಲ, ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ಅಣೆಕಟ್ಟೆಯ ತಳದಿಂದ ಎಣಿಸಿದರೆ ಸಂಖ್ಯೆಯೇ ಬೇರೆ, ಆದರೂ ನೀರು ಹತ್ತು ಅಡಿ ಏರಿದರೆ ಎರಡೂ ಲೆಕ್ಕದಲ್ಲಿ ಏರಿಕೆ ಹತ್ತೇ ಅಡಿ. ನೀರಿನ ಮೇಲೆ ತೇಲುವ ತೆಪ್ಪದಿಂದಲೇ ಎಣಿಸುವವರಿಗೆ ಮಾತ್ರ ನೀರಿನ ಮಟ್ಟ ಎಂದೆಂದಿಗೂ ಸೊನ್ನೆ. ಅವರ ಲೆಕ್ಕದಲ್ಲಿ ತಗ್ಗುತ್ತ ಹೋಗುವುದು ದಡ. ಮೂರೂ ಲೆಕ್ಕ ಸರಿಯಾದವೇ. ಮೂರಕ್ಕೂ ಒಪ್ಪಿಗೆಯಾಗುವ ಸಂಗತಿ ಒಂದೇ: ನೀರಿಗೂ ದಡದ ಗುರುತಿಗೂ ನಡುವಿನ ಅಂತರ ಬದಲಾಗಿದೆ. ವಿಶ್ವವಿಜ್ಞಾನದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ತೆಪ್ಪದ ಲೆಕ್ಕ.

ಸಹಗಾಮಿ ನಿರ್ದೇಶಾಂಕಗಳು

ಆ ಲೆಕ್ಕಕ್ಕೆ ಸಹಗಾಮಿ ನಿರ್ದೇಶಾಂಕ ವ್ಯವಸ್ಥೆ ಎನ್ನುತ್ತಾರೆ. ಇದರಲ್ಲಿ ಪ್ರತಿ ಗೆಲಾಕ್ಸಿಗೂ ಮೂರು ಸ್ಥಾನಸಂಖ್ಯೆಗಳನ್ನು ಒಮ್ಮೆ ಕೊಟ್ಟರೆ ಆಯಿತು, ಅವು ಮತ್ತೆ ಬದಲಾಗುವುದಿಲ್ಲ. ನಾಲ್ಕನೆಯ ಸಂಖ್ಯೆಯಾದ ಕಾಲವನ್ನು ಗೆಲಾಕ್ಸಿಗಳ ಜೊತೆ ಸಾಗುವ ಗಡಿಯಾರಗಳು ತೋರಿಸುತ್ತವೆ. ಗೆಲಾಕ್ಸಿಗಳ ನಡುವಿನ ನಿಜದೂರ ಬೇಕಾದರೆ ಸ್ಥಾನಸಂಖ್ಯೆಗಳ ಅಂತರವನ್ನು ಅಳತೆಗುಣಕದಿಂದ ಗುಣಿಸಬೇಕು. ಹಿಗ್ಗುವಿಕೆ ಪೂರ್ತಿಯಾಗಿ ಅಡಗಿರುವುದು ಕಾಲದೊಂದಿಗೆ ಬೆಳೆಯುವ ಈ ಒಂದು ಗುಣಕದಲ್ಲಿ. ಇಂದಿನ ಅಳತೆಗುಣಕವನ್ನು 1 ಎಂದು ಇಟ್ಟುಕೊಳ್ಳುವುದು ರೂಢಿ.

ಇಂಥ ಮೆಟ್ರಿಕ್ಕನ್ನು ಐನ್‌ಸ್ಟೈನ್ ಸಮೀಕರಣಗಳಿಗೆ ಹಾಕಿ ಅಳತೆಗುಣಕ ಹೇಗೆ ಬದಲಾಗಬೇಕೆಂದು ಮೊದಲು ತೋರಿಸಿದವರು ರಷ್ಯಾದ ಅಲೆಕ್ಸಾಂಡರ್ ಫ್ರೀಡ್ಮನ್. ಅವರ 1922ರ ಲೇಖನ ಧನವಕ್ರತೆಯ ಜಾಗವನ್ನೂ 1924ರ ಲೇಖನ ಋಣವಕ್ರತೆಯ ಜಾಗವನ್ನೂ ಕುರಿತದ್ದು. 1927ರಲ್ಲಿ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಅದೇ ತೀರ್ಮಾನಕ್ಕೆ ಸ್ವತಂತ್ರವಾಗಿ ಬಂದು, ಗೆಲಾಕ್ಸಿಗಳ ಬೆಳಕಿನಲ್ಲಿ ಕಂಡ ಕೆಂಪುಪಲ್ಲಟದೊಡನೆ, ಅಂದರೆ ಅಲೆಗಳು ಉದ್ದವಾಗಿ ಕೆಂಪಿನತ್ತ ಸರಿಯುವುದರೊಡನೆ, ಅದನ್ನು ಜೋಡಿಸಿದರು. ಎಲ್ಲ ಕಡೆಯೂ ಎಲ್ಲ ದಿಕ್ಕಿಗೂ ಒಂದೇ ಬಗೆಯಾಗಿರುವ ವಿಶ್ವಕ್ಕೆ ಮೆಟ್ರಿಕ್ ಈ ರೂಪದ್ದೇ ಆಗಿರಬೇಕು ಎಂದು, ಐನ್‌ಸ್ಟೈನ್ ಸಮೀಕರಣಗಳ ಹಂಗಿಲ್ಲದೆ ಬರೀ ಸಮಮಿತಿಯ ತರ್ಕದಿಂದ, ಹೋವರ್ಡ್ ರಾಬರ್ಟ್‌ಸನ್ ಮತ್ತು ಆರ್ಥರ್ ವಾಕರ್ 1930ರ ದಶಕದ ಮಧ್ಯದಲ್ಲಿ ಸಾಧಿಸಿದರು. ನಾಲ್ವರ ಹೆಸರೂ ಸೇರಿ ಇದು ಫ್ರೀಡ್ಮನ್–ಲಮೇತ್ರ್–ರಾಬರ್ಟ್‌ಸನ್–ವಾಕರ್ ಮೆಟ್ರಿಕ್ ಆಗಿದೆ.

ಎಲ್ಲ ನಿರ್ದೇಶಾಂಕಗಳೂ ಸಮಾನ ಎಂದ ಮೇಲೆ ಸಹಗಾಮಿ ವ್ಯವಸ್ಥೆಗೆ ಈ ಮಣೆ ಏಕೆ? ಸಿದ್ಧಾಂತ ಅದಕ್ಕೆ ವಿಶೇಷ ಸ್ಥಾನ ಕೊಟ್ಟಿಲ್ಲ. ಕೊಟ್ಟಿರುವುದು ವಿಶ್ವದಲ್ಲಿ ತುಂಬಿರುವ ದ್ರವ್ಯ ಮತ್ತು ವಿಕಿರಣ. 2.725 ಕೆಲ್ವಿನ್ ಉಷ್ಣತೆಯ ಹಿನ್ನೆಲೆ ವಿಕಿರಣ ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಕಾಣುವುದು ಸಹಗಾಮಿ ವೀಕ್ಷಕರಿಗೆ ಮಾತ್ರ. ಭೂಮಿಯಿಂದ ನೋಡಿದರೆ ಅದು ಸಿಂಹರಾಶಿಯ ಕಡೆ ತುಸು ಬಿಸಿ, ಎದುರು ದಿಕ್ಕಿನಲ್ಲಿ ತುಸು ತಂಪು. ಸೌರವ್ಯೂಹ ಸಹಗಾಮಿ ಚೌಕಟ್ಟಿಗೆ ಹೋಲಿಸಿ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವುದು ತಿಳಿದದ್ದು ಈ ವ್ಯತ್ಯಾಸದಿಂದಲೇ.

ಶರಾವತಿ ಹಿನ್ನೀರಿನಲ್ಲಿ ಒಂದು ಅಳತೆ

ನಿರ್ದೇಶಾಂಕ ಮತ್ತು ಅಳತೆಯ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ತೋರಿಸುವ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸರಸ್-3 ಎಂಬ ರೇಡಿಯೊ ದೂರದರ್ಶಕವನ್ನು 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟು ಆಕಾಶವನ್ನು ಆಲಿಸಿತು. ಆಂಟೆನಾ ನೆಲದ ಮೇಲಿದ್ದರೆ ಕೆಳಗಿನ ಮಣ್ಣು, ಬಂಡೆ, ತೇವದ ಪದರಗಳಿಂದ ಅಲೆಗಳು ಪ್ರತಿಫಲಿಸಿ ಬಂದು ನವಿರಾದ ಸಂಕೇತವನ್ನು ಕಲಕುತ್ತವೆ. ಆಳವಾದ ನೀರು ಎಲ್ಲೆಡೆ ಒಂದೇ ಗುಣದ್ದಾದ್ದರಿಂದ ಆ ತೊಡಕು ತಗ್ಗುತ್ತದೆ. ಜೊತೆಗೆ, ಈ ಉಪಕರಣ ಕೇಳಿಸಿಕೊಳ್ಳುವ 43.75ರಿಂದ 87.5 ಮೆಗಾಹರ್ಟ್ಜ್ ಪಟ್ಟಿ ಎಫ್‌ಎಂ ರೇಡಿಯೊ ಪಟ್ಟಿಗೆ ತಗುಲಿಕೊಂಡೇ ಇದೆ, ಆದ್ದರಿಂದ ಪೇಟೆಯ ಗದ್ದಲದಿಂದ ದೂರದ ನೀರೇ ಬೇಕಿತ್ತು.

ಹುಡುಕುತ್ತಿದ್ದದ್ದು ಹೈಡ್ರೋಜನ್ ಪರಮಾಣುವಿನ 21 ಸೆಂಟಿಮೀಟರ್ ಅಲೆ. ಪರಮಾಣುವಿನ ಬಳಿ ಅದರ ಆವರ್ತಾಂಕ 1420.4 ಮೆಗಾಹರ್ಟ್ಜ್. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ನೆಟ್ಟ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಜ್ ಸುತ್ತ ಅರ್ಧ ಕೆಲ್ವಿನ್‌ನಷ್ಟು ಆಳದ ಕುಳಿಯೊಂದನ್ನು ಕಂಡಿದೆ ಎಂದು 2018ರಲ್ಲಿ ವರದಿಯಾಗಿತ್ತು. ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಹೈಡ್ರೋಜನ್ ಅನಿಲದ ಗುರುತು ಅದೆಂಬುದು ಆ ತಂಡದ ವಾದ. ಕುಳಿಯ ಆಳ ರೂಢಿಯ ಲೆಕ್ಕಗಳು ಒಪ್ಪುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿದ್ದರಿಂದ ಹೊಸ ಭೌತವಿಜ್ಞಾನವೇ ಬೇಕಾದೀತೆಂಬ ಚರ್ಚೆ ಎದ್ದಿತು. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಎನ್. ಉದಯಶಂಕರ್ ಮತ್ತಿತರರ ಸರಸ್ ತಂಡ 2022ರಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಆ ಆಕಾರದ ಕುಳಿ ಆಕಾಶದ್ದಲ್ಲ. ಈ ನಿರಾಕರಣೆಯ ವಿಶ್ವಾಸಮಟ್ಟ ಶೇ. 95.3.

ಈ ಇಡೀ ವಾಗ್ವಾದ ನಡೆದದ್ದು ಆವರ್ತಾಂಕದ ಭಾಷೆಯಲ್ಲಿ. 1420.4ನ್ನು 78ರಿಂದ ಭಾಗಿಸಿದರೆ 18.2 ಬರುತ್ತದೆ. ಇದು ಹೊರಟ ಅಲೆಗೂ ಬಂದ ಅಲೆಗೂ ಇರುವ ಅನುಪಾತ. ಯಾವ ನಿರ್ದೇಶಾಂಕ ಬಳಸಿದರೂ ಇದೇ ಬರಬೇಕು, ಏಕೆಂದರೆ ಇದು ಎರಡು ಕಡೆಯ ಗಡಿಯಾರಗಳ ಎಣಿಕೆಯ ಹೋಲಿಕೆ. ಸಹಗಾಮಿ ವರ್ಣನೆ ಈ ಅನುಪಾತವನ್ನು ಅಳತೆಗುಣಕವಾಗಿ ಓದುತ್ತದೆ: ಅಲೆ ಹೊರಟಂದಿನಿಂದ ಇಂದಿನವರೆಗೆ ಅಳತೆಗುಣಕ 18.2 ಪಟ್ಟು ಬೆಳೆದಿದೆ.

ಇದರ ಮುಂದಿನ ಪ್ರತಿಯೊಂದು ಮಾತಿಗೂ ವಿಶ್ವದ ಮಾದರಿಯೊಂದು ಬೇಕು, ದೂರ ಎಂದರೆ ಏನೆಂಬ ನಿರ್ಧಾರವೂ ಬೇಕು. ಈಗ ರೂಢಿಯಲ್ಲಿರುವ ಮಾದರಿಯಲ್ಲಿ ಆ ಅಲೆ ಹೊರಟಾಗ ವಿಶ್ವದ ವಯಸ್ಸು ಸುಮಾರು 22 ಕೋಟಿ ವರ್ಷ. ಅಲೆ ಪ್ರಯಾಣ ಮಾಡಿದ ಕಾಲ ಸುಮಾರು 1360 ಕೋಟಿ ವರ್ಷ. ಹಾಗಾದರೆ ಆ ಅನಿಲ 1360 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆಯೇ? ಅಲೆ ಹೊರಟ ಕ್ಷಣದ ನಿಜದೂರ ಸುಮಾರು 190 ಕೋಟಿ ಜ್ಯೋತಿರ್ವರ್ಷ ಮಾತ್ರ. ಇಂದಿನ ನಿಜದೂರ ಸುಮಾರು 3500 ಕೋಟಿ ಜ್ಯೋತಿರ್ವರ್ಷ. ಪತ್ರಿಕೆಗಳಲ್ಲಿ ಈ ಮೂರೂ ಬಗೆಯ ಸಂಖ್ಯೆಗಳು ‘ದೂರ’ ಎಂಬ ಒಂದೇ ಹೆಸರಿನಲ್ಲಿ ಬರುತ್ತವೆ. ಯಾವ ದೂರ ಎಂದು ಹೇಳದ ಹೊರತು ಅವುಗಳಿಗೆ ಅರ್ಥವಿಲ್ಲ.

ವೇಗದ ಕಥೆಯೂ ಇದೇ. ನಿಜದೂರ ಕಾಲದೊಂದಿಗೆ ಬೆಳೆಯುವ ದರವನ್ನು ವೇಗ ಎಂದು ಕರೆದರೆ, ಆ ಅನಿಲ ಇಂದು ಬೆಳಕಿನ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಸರಿಯುತ್ತಿದೆ. ಅಲೆ ಹೊರಟಾಗ ಐದು ಪಟ್ಟಿಗೂ ಹೆಚ್ಚಿತ್ತು. ಆದರೂ ಅಲೆ ಇಲ್ಲಿಗೆ ತಲುಪುತ್ತದೆ. ಮೊದಮೊದಲು ನಮ್ಮಿಂದ ಅದರ ನಿಜದೂರ ಹೆಚ್ಚುತ್ತಲೇ ಹೋಗಿ, ಹಿಗ್ಗುವಿಕೆ ನಿಧಾನವಾದ ಮೇಲೆ ಇತ್ತ ತಿರುಗುತ್ತದೆ. ಇದರಿಂದ ಸಾಪೇಕ್ಷತೆಗೆ ಭಂಗವಿಲ್ಲ. ಬೆಳಕನ್ನು ಯಾವುದೂ ಹಿಂದಿಕ್ಕಲಾರದು ಎಂಬ ನಿಯಮ ಒಂದೇ ಎಡೆಯಲ್ಲಿ ಪಕ್ಕಪಕ್ಕ ಸಾಗುವ ವಸ್ತು ಮತ್ತು ಬೆಳಕಿಗೆ ಅನ್ವಯಿಸುತ್ತದೆ. ಜಾಗ, ಕಾಲ ಎರಡೂ ಸೇರಿದ ದೇಶಕಾಲ ಬಾಗಿರುವಾಗ ದೂರದ ಎರಡು ವಸ್ತುಗಳ ವೇಗಗಳನ್ನು ನೇರವಾಗಿ ಹೋಲಿಸುವ ಒಂದೇ ವಿಧಾನ ಎಂಬುದಿಲ್ಲ.

ಹಾಗಿದ್ದರೆ ಕೆಂಪುಪಲ್ಲಟ ಜಾಗ ಹಿಗ್ಗಿದ್ದರಿಂದ ಬಂದದ್ದೇ, ಗೆಲಾಕ್ಸಿಗಳ ಓಟದಿಂದ ಬಂದ ಡಾಪ್ಲರ್ ಪರಿಣಾಮವೇ? 1994ರಲ್ಲಿ ಜಯಂತ ನಾರಳೀಕರ್ ತೋರಿಸಿದಂತೆ, ಮೂಲದ ವೇಗವನ್ನು ಬೆಳಕಿನ ಹಾದಿಗುಂಟ ವೀಕ್ಷಕನವರೆಗೆ ಸಮಾಂತರವಾಗಿ ಸಾಗಿಸಿ ತಂದು ಡಾಪ್ಲರ್ ಸೂತ್ರಕ್ಕೆ ಹಾಕಿದರೆ ಡಾಪ್ಲರ್ ಪಲ್ಲಟ, ಗುರುತ್ವ ಪಲ್ಲಟ, ವಿಶ್ವಪಲ್ಲಟ ಮೂರಕ್ಕೂ ಸರಿಯಾದ ಉತ್ತರವೇ ಬರುತ್ತದೆ. ಮೂರು ಹೆಸರುಗಳು ಮೂರು ನಿರ್ದೇಶಾಂಕ ಅಭ್ಯಾಸಗಳಿಂದ ಹುಟ್ಟಿದವು.

ದ ಸಿಟರ್ ವಿಶ್ವ: ನಿಂತದ್ದೋ ಹಿಗ್ಗುವುದೋ

1917ರಲ್ಲಿ ಐನ್‌ಸ್ಟೈನ್ ನಿಶ್ಚಲ ವಿಶ್ವವೊಂದನ್ನು ಕಟ್ಟಿದ ವರ್ಷವೇ ಹಾಲೆಂಡಿನ ವಿಲ್ಲೆಮ್ ದ ಸಿಟರ್ ದ್ರವ್ಯವೇ ಇಲ್ಲದ, ಐನ್‌ಸ್ಟೈನ್ ತಮ್ಮ ಸಮೀಕರಣಗಳಿಗೆ ಸೇರಿಸಿದ ವಿಶ್ವಸ್ಥಿರಾಂಕ ಮಾತ್ರ ಇರುವ ಇನ್ನೊಂದು ಪರಿಹಾರವನ್ನು ಕೊಟ್ಟರು. ಅವರು ಬಳಸಿದ ನಿರ್ದೇಶಾಂಕಗಳಲ್ಲಿ ಮೆಟ್ರಿಕ್ ಕಾಲದೊಂದಿಗೆ ಬದಲಾಗುವುದಿಲ್ಲ. ಹೀಗಾಗಿ ಅದನ್ನೂ ನಿಶ್ಚಲ ವಿಶ್ವವೆಂದೇ ಎಣಿಸಿದರು. ಆದರೆ ಅದರಲ್ಲಿ ದೂರದ ಗಡಿಯಾರಗಳು ನಿಧಾನವಾಗಿ ಓಡುವಂತೆ ಕಾಣುತ್ತಿದ್ದವು, ಒಂದು ನಿರ್ದಿಷ್ಟ ದೂರದಲ್ಲಿ ನಿಂತೇ ಹೋಗುತ್ತಿದ್ದವು. ಅಲ್ಲಿ ದ್ರವ್ಯ ಗುಡ್ಡೆಯಾಗಿರಬೇಕು ಎಂದು ಐನ್‌ಸ್ಟೈನ್ ಕೆಲಕಾಲ ವಾದಿಸಿದ್ದುಂಟು.

1922ರಲ್ಲಿ ಕಾರ್ನೆಲಿಯಸ್ ಲಾಂಕ್ಜೋಸ್, 1925ರಲ್ಲಿ ಲಮೇತ್ರ್, 1928ರಲ್ಲಿ ರಾಬರ್ಟ್‌ಸನ್ ಅದೇ ದ ಸಿಟರ್ ವಿಶ್ವವನ್ನು ಬೇರೆ ನಿರ್ದೇಶಾಂಕಗಳಲ್ಲಿ ಬರೆದರು. ಲಾಂಕ್ಜೋಸರ ರೂಪದಲ್ಲಿ ಜಾಗ ಗೋಳದಂತೆ ಮುಚ್ಚಿಕೊಂಡಿದೆ, ಮೊದಲು ಕುಗ್ಗಿ ಒಂದು ಕನಿಷ್ಠಕ್ಕೆ ಬಂದು ಮತ್ತೆ ಹಿಗ್ಗುತ್ತದೆ. ಲಮೇತ್ರ್ ಮತ್ತು ರಾಬರ್ಟ್‌ಸನ್ ರೂಪದಲ್ಲಿ ಜಾಗ ಸಪಾಟು, ಅಳತೆಗುಣಕ ಘಾತೀಯವಾಗಿ ಬೆಳೆಯುತ್ತದೆ. ಋಣವಕ್ರತೆಯ ಜಾಗವಿರುವ ರೂಪವೂ ಇದೆ. ಒಂದೇ ದೇಶಕಾಲ, ನಾಲ್ಕು ಚಿತ್ರ! ಇವು ಒಂದಕ್ಕೊಂದು ವಿರೋಧವಲ್ಲ. ದ ಸಿಟರ್ ದೇಶಕಾಲವನ್ನು ಐದು ಆಯಾಮಗಳೊಳಗಿನ ಅತಿಪರವಲಯ ಮೇಲ್ಮೈಯಾಗಿ ಬಿಡಿಸಬಹುದು. ಅದನ್ನು ಯಾವ ಓರೆಯಲ್ಲಿ ಕೊಯ್ದು ಹೋಳುಗಳಿಗೆ ‘ಈಗ’ ಎಂದು ಹೆಸರಿಡುತ್ತೇವೆ ಎಂಬುದರ ಮೇಲೆ ಜಾಗದ ಆಕಾರವೂ ಹಿಗ್ಗುವಿಕೆಯೂ ನಿಂತಿವೆ. ಗಡಿಯಾರಗಳು ನಿಂತಂತೆ ಕಂಡ ಆ ಎಡೆಯಲ್ಲಿ ದೇಶಕಾಲಕ್ಕೆ ಯಾವ ಕೇಡೂ ಇಲ್ಲ. ನಿಶ್ಚಲ ನಿರ್ದೇಶಾಂಕಗಳು ಅಲ್ಲಿಗೆ ಮುಗಿಯುತ್ತವೆ, ಸಪಾಟು ರೂಪದ ನಿರ್ದೇಶಾಂಕಗಳು ಸಲೀಸಾಗಿ ದಾಟಿ ಹೋಗುತ್ತವೆ.

ಇಂಥ ಆಯ್ಕೆ ಎಲ್ಲ ವಿಶ್ವಗಳಿಗೂ ಇಲ್ಲ. ಹಿಗ್ಗುವ ರೂಪದಲ್ಲಿ ಬರೆದ ಮೆಟ್ರಿಕ್ಕನ್ನು ನಿಶ್ಚಲ ರೂಪಕ್ಕೆ ತಿರುಗಿಸಲು ಆಗುವುದು ಬೆರಳೆಣಿಕೆಯ ಸಂದರ್ಭಗಳಲ್ಲಿ ಮಾತ್ರ: ಚಪ್ಪಟೆ ದೇಶಕಾಲ, ದ ಸಿಟರ್, ವಿಶ್ವಸ್ಥಿರಾಂಕ ಋಣವಾಗಿರುವ ‘ಪ್ರತಿ-ದ ಸಿಟರ್’. ದ್ರವ್ಯ ತುಂಬಿ ಅದರ ಸಾಂದ್ರತೆ ದಿನೇ ದಿನೇ ಇಳಿಯುತ್ತಿರುವ ವಿಶ್ವದಲ್ಲಿ ವಕ್ರತೆಯೇ ಕಾಲದೊಂದಿಗೆ ಬದಲಾಗುತ್ತದೆ. ಅದನ್ನು ನಿಶ್ಚಲವಾಗಿ ತೋರಿಸುವ ನಿರ್ದೇಶಾಂಕ ಇರಲಾರದು. ನಮ್ಮ ವಿಶ್ವ ಅಂಥದು.

ಮಿಲ್ನ್ ವಿಶ್ವ ಇನ್ನೊಂದು ತುದಿಯ ಉದಾಹರಣೆ. ಎಡ್ವರ್ಡ್ ಮಿಲ್ನ್ 1930ರ ದಶಕದಲ್ಲಿ ಮುಂದಿಟ್ಟ ಈ ಮಾದರಿಯಲ್ಲಿ ಗುರುತ್ವವೇ ಇಲ್ಲ. ಒಂದು ಘಟನೆಯಿಂದ ಎಲ್ಲ ವೇಗಗಳಲ್ಲೂ ಎಲ್ಲ ದಿಕ್ಕುಗಳಿಗೂ ಚಿಮ್ಮಿದ ಕಣಗಳು ಚಪ್ಪಟೆ ದೇಶಕಾಲದಲ್ಲಿ ಸರಳವಾಗಿ ಸಾಗುತ್ತವೆ. ಕಣಗಳ ಜೊತೆ ಸಾಗುವ ಗಡಿಯಾರಗಳನ್ನೇ ಕಾಲಕ್ಕೆ ಆಧಾರ ಮಾಡಿಕೊಂಡರೆ ಅದೇ ದೇಶಕಾಲ ಋಣವಕ್ರತೆಯ, ಕಾಲಕ್ಕೆ ಅನುಪಾತದಲ್ಲಿ ಹಿಗ್ಗುವ ವಿಶ್ವವಾಗಿ ತೋರುತ್ತದೆ. ಜಾಗದ ವಕ್ರತೆ ಕೊಯ್ತದ ಓರೆಯಿಂದ ಬಂದದ್ದು, ದೇಶಕಾಲದ ವಕ್ರತೆ ಸೊನ್ನೆ.

ಹಿಗ್ಗುವಿಕೆ ಯಾವುದರ ಗುಣ

ಈ ಉದಾಹರಣೆಗಳಿಂದ ಹಿಗ್ಗುವಿಕೆ ಬರಿಯ ಬರವಣಿಗೆಯ ಚಮತ್ಕಾರ ಎಂದು ತೀರ್ಮಾನಿಸುವುದು ತಪ್ಪು. ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಪ್ರಕಟಿಸಿದ ಸಮೀಕರಣ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಅವರು ವಿಶ್ವ ಸಮರೂಪವಾಗಿದೆ ಎಂಬ ಊಹೆಯನ್ನೇ ಕೈಬಿಟ್ಟು, ದ್ರವ್ಯದ ಕಣಗಳು ದೇಶಕಾಲದಲ್ಲಿ ಎಳೆಯುವ ಹಾದಿಗಳ ಸಮೂಹವನ್ನು ನೇರವಾಗಿ ಕೈಗೆತ್ತಿಕೊಂಡರು. ಒಂದು ಕಣದ ಸುತ್ತ ಇರುವ ಕಣಗಳ ಚಿಕ್ಕ ಗುಂಪಿನ ಗಾತ್ರ, ಆ ಕಣದ ಗಡಿಯಾರದ ಪ್ರಕಾರ, ಎಷ್ಟು ದರದಲ್ಲಿ ಹೆಚ್ಚುತ್ತಿದೆ? ಈ ದರ ನಿರ್ದೇಶಾಂಕಗಳನ್ನು ಅವಲಂಬಿಸದ ಒಂದು ಸಂಖ್ಯೆ. ಅಳತೆಗುಣಕ ತನ್ನ ಅಳತೆಗೆ ಹೋಲಿಸಿ ಬೆಳೆಯುವ ದರಕ್ಕೆ ಹಬಲ್ ದರ ಎನ್ನುತ್ತಾರೆ; ಸಮರೂಪ ವಿಶ್ವದಲ್ಲಿ ಆ ಸಂಖ್ಯೆ ಹಬಲ್ ದರದ ಮೂರು ಪಟ್ಟು.

ಅಂದರೆ ಹಿಗ್ಗುವಿಕೆ ಹಾದಿಗಳ ಸಮೂಹದ ಗುಣ. ನಮ್ಮ ವಿಶ್ವದಲ್ಲಿ ದ್ರವ್ಯವೇ ಆ ಸಮೂಹವನ್ನು ಗೊತ್ತುಮಾಡಿಕೊಟ್ಟಿದೆ, ಆದ್ದರಿಂದ ಹಿಗ್ಗುವಿಕೆ ನಿಜವಾದದ್ದು. ಬರಿದಾದ ದ ಸಿಟರ್ ವಿಶ್ವದಲ್ಲಿ ಯಾವ ಸಮೂಹಕ್ಕೂ ಪಟ್ಟ ಕಟ್ಟಿಲ್ಲ. ಒಂದನ್ನು ಆರಿಸಿದರೆ ಹಿಗ್ಗುತ್ತದೆ, ಇನ್ನೊಂದನ್ನು ಆರಿಸಿದರೆ ನಿಲ್ಲುತ್ತದೆ.

ನಿಜದೂರದ ನಿರ್ದೇಶಾಂಕ, ಬೆಳಕಿನ ನಿರ್ದೇಶಾಂಕ

ಸಹಗಾಮಿ ಸ್ಥಾನಸಂಖ್ಯೆಯ ಬದಲು ನಿಜದೂರವನ್ನೇ ನಿರ್ದೇಶಾಂಕವಾಗಿ ಇಟ್ಟುಕೊಳ್ಳಬಹುದು. ಆಗ ಜಾಗ ಹಿಗ್ಗುತ್ತದೆ ಎಂಬ ಮಾತೇ ಏಳುವುದಿಲ್ಲ. ಜಾಗ ಸಪಾಟಾಗಿ ಇದ್ದಲ್ಲೇ ಇರುತ್ತದೆ, ಗೆಲಾಕ್ಸಿಗಳು ಅದರಲ್ಲಿ ದೂರಕ್ಕೆ ತಕ್ಕ ವೇಗದಲ್ಲಿ ಹೊರಗೆ ಸಾಗುತ್ತವೆ. ಪಾಲ್ ಪಾನ್ಲೆವೆ 1921ರಲ್ಲೂ ಆಲ್ವಾರ್ ಗುಲ್‌ಸ್ಟ್ರಾಂಡ್ 1922ರಲ್ಲೂ ಕಪ್ಪುಕುಳಿಯ ಮೆಟ್ರಿಕ್ಕಿಗೆ ಕೊಟ್ಟ ರೂಪಕ್ಕೆ ಇದು ಅಣ್ಣತಮ್ಮನಂತಿದೆ: ಅಲ್ಲಿ ಚಲನೆ ಒಳಮುಖ, ಇಲ್ಲಿ ಹೊರಮುಖ.

ಬೆಳಕಿನ ಹಾದಿಗಳನ್ನು ಬಿಡಿಸಲು ಮಾತ್ರ ಕಾಲವನ್ನು ಬದಲಿಸುವುದು ಮೇಲು. ಪ್ರತಿ ಕ್ಷಣವನ್ನೂ ಆ ಕ್ಷಣದ ಅಳತೆಗುಣಕದಿಂದ ಭಾಗಿಸಿ ಕೂಡಿಸುತ್ತ ಹೋದರೆ ಸಿಗುವುದು ಅನುರೂಪ ಕಾಲ. ಇದನ್ನೂ ಸಹಗಾಮಿ ದೂರವನ್ನೂ ಅಕ್ಷಗಳಾಗಿ ಇಟ್ಟು ಚಿತ್ರ ಬರೆದರೆ ಬೆಳಕು ಯಾವಾಗಲೂ 45 ಡಿಗ್ರಿ ಓರೆಯಲ್ಲಿ ಸಾಗುತ್ತದೆ. ಯಾರು ಯಾರನ್ನು ನೋಡಬಲ್ಲರು ಎಂಬ ಪ್ರಶ್ನೆ ಸ್ಕೇಲು ಹಿಡಿದು ಗೆರೆ ಎಳೆಯುವಷ್ಟು ಸುಲಭವಾಗುತ್ತದೆ. ವೋಲ್ಫ್‌ಗ್ಯಾಂಗ್ ರಿಂಡ್ಲರ್ 1956ರಲ್ಲಿ ಬಿಡಿಸಿ ಹೇಳಿದ ಎರಡು ದಿಗಂತಗಳು ಈ ಚಿತ್ರದಲ್ಲಿ ಎದ್ದು ಕಾಣುತ್ತವೆ. ಇಲ್ಲಿಯವರೆಗೆ ನಮಗೆ ಬೆಳಕು ತಲುಪಿಸಲು ಸಾಧ್ಯವಾದ ಅತಿ ದೂರದ ಕಣಗಳ ಎಲ್ಲೆ ಒಂದು, ಇಂದಿನ ನಿಜದೂರದಲ್ಲಿ ಸುಮಾರು 4600 ಕೋಟಿ ಜ್ಯೋತಿರ್ವರ್ಷ. ಯಾವ ಎಲ್ಲೆಯ ಆಚೆಯಿಂದ ಇಂದು ಹೊರಡುವ ಬೆಳಕು ಎಂದಿಗೂ ನಮ್ಮನ್ನು ಮುಟ್ಟದೋ ಆ ಎಲ್ಲೆ ಇನ್ನೊಂದು.

ದಿಗಂತಗಳನ್ನು ನಿರ್ದೇಶಾಂಕದ ಹಂಗಿಲ್ಲದೆ ಗುರುತಿಸುವ ಕೆಲಸದಲ್ಲಿ ಕನ್ನಡಿಗರೊಬ್ಬರ ಹೆಸರು ಮುಖ್ಯ. ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ (1938–2017) ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. 1968ರ ಲೇಖನದಲ್ಲಿ ಅವರು ಕಪ್ಪುಕುಳಿಯ ಮೇಲ್ಮೈಯನ್ನು ದೇಶಕಾಲದ ಸಮಮಿತಿಗಳಿಂದಲೇ ನಿರೂಪಿಸಿ, ನಿಶ್ಚಲ ಕಪ್ಪುಕುಳಿಯಲ್ಲಿ ಒಂದಾಗಿರುವ ಎರಡು ಮೇಲ್ಮೈಗಳು (ಅಲುಗದೆ ನಿಲ್ಲಬಹುದಾದ ಎಲ್ಲೆ ಮತ್ತು ಬೆಳಕೂ ಹೊರಬರಲಾರದ ಎಲ್ಲೆ) ತಿರುಗುವ ಕಪ್ಪುಕುಳಿಯಲ್ಲಿ ಬೇರೆಯಾಗುತ್ತವೆ ಎಂದು ತೋರಿಸಿದರು. ದ ಸಿಟರ್ ವಿಶ್ವದ ದಿಗಂತಕ್ಕೂ ಇದೇ ಭಾಷೆ ಸಲ್ಲುತ್ತದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳಲ್ಲಿ ದುಡಿದ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಹೌದು. ಮುಂದೆ 2000ದ ಸುಮಾರಿಗೆ ಸಹೋದ್ಯೋಗಿಗಳೊಡನೆ ಅವರು ಐನ್‌ಸ್ಟೈನರ ನಿಶ್ಚಲ ವಿಶ್ವದೊಳಗೆ ಕೂರಿಸಿದ ಕಪ್ಪುಕುಳಿಯನ್ನು ಅಧ್ಯಯನ ಮಾಡಿದರು.

ಹತ್ತಿರದ ನೋಟ

ವಿಶ್ವ ಹಿಗ್ಗಿದರೆ ಭೂಮಿಯ ಕಕ್ಷೆಯೂ ಹಿಗ್ಗಬೇಕಲ್ಲವೇ ಎಂಬ ಸಂಶಯ ಸಹಗಾಮಿ ನಿರ್ದೇಶಾಂಕಗಳನ್ನು ಅತಿಯಾಗಿ ನಂಬುವುದರಿಂದ ಬರುತ್ತದೆ. ಎನ್ರಿಕೊ ಫರ್ಮಿ 1922ರಲ್ಲಿ ರೂಪಿಸಿದ ನಿರ್ದೇಶಾಂಕಗಳಲ್ಲಿ ವೀಕ್ಷಕನ ಅಕ್ಕಪಕ್ಕದ ದೇಶಕಾಲ ಚಪ್ಪಟೆಯೇ, ಗುರುತ್ವದ ಗುರುತು ದೂರದ ವರ್ಗಕ್ಕೆ ತಕ್ಕಂತೆ ಮಾತ್ರ ಮೂಡುತ್ತದೆ. ಈ ನೋಟದಲ್ಲಿ ಹಿಗ್ಗುವ ವಿಶ್ವ ಸೌರವ್ಯೂಹದ ಮೇಲೆ ಹೇರುವುದು ಒಂದು ನವಿರಾದ ಉಬ್ಬರದ ಸೆಳೆತವನ್ನಷ್ಟೇ. ಭೂಮಿ ಮತ್ತು ಸೂರ್ಯರ ದೂರದಲ್ಲಿ ಅದರ ಪ್ರಮಾಣ ಸೂರ್ಯನ ಸೆಳೆತವನ್ನು ಒಂದರ ಮುಂದೆ 22 ಸೊನ್ನೆ ಇರುವ ಸಂಖ್ಯೆಯಿಂದ ಭಾಗಿಸಿದಷ್ಟು. ಹಿಗ್ಗುವಿಕೆಯ ವೇಗವಲ್ಲ, ಆ ವೇಗ ಹೆಚ್ಚುವುದು ಅಥವಾ ತಗ್ಗುವುದೇ ಈ ಸೆಳೆತಕ್ಕೆ ಕಾರಣ ಎಂಬುದನ್ನೂ ಗಮನಿಸಬೇಕು.

ಹಿಗ್ಗುವ ವಿಶ್ವದಲ್ಲಿ ಒಂದು ಭಾರವಾದ ಕಾಯವನ್ನಿಟ್ಟರೆ ಮೆಟ್ರಿಕ್ ಏನಾದೀತು ಎಂಬುದಕ್ಕೆ ಜಾರ್ಜ್ ಮೆಕ್‌ವಿಟ್ಟಿ 1933ರಲ್ಲಿ ಒಂದು ಪರಿಹಾರ ಕೊಟ್ಟರು. ಐನ್‌ಸ್ಟೈನ್ ಮತ್ತು ಅರ್ನ್ಸ್ಟ್ ಸ್ಟ್ರಾಸ್ 1945ರಲ್ಲಿ ಬೇರೆ ದಾರಿ ಹಿಡಿದು, ಹಿಗ್ಗುವ ವಿಶ್ವದಲ್ಲಿ ಗೋಳಾಕಾರದ ಪೊಳ್ಳೊಂದನ್ನು ಕೊರೆದು ಅದರ ನಡುವೆ ನಕ್ಷತ್ರವನ್ನಿಟ್ಟರು. ಪೊಳ್ಳಿನೊಳಗೆ ಮೆಟ್ರಿಕ್ ಒಂಟಿ ಕಾಯದ ಸುತ್ತಲಿನ ಬರಿಜಾಗಕ್ಕೆ ಶ್ವಾರ್ಜ್‌ಶಿಲ್ಡ್ ಕೊಟ್ಟ ನಿಶ್ಚಲ ಮೆಟ್ರಿಕ್ಕೇ, ಹೊರಗಿನ ಹಿಗ್ಗುವಿಕೆ ಅಲ್ಲಿ ತಟ್ಟುವುದಿಲ್ಲ.

ಏರಿಳಿತಗಳಿರುವ ವಿಶ್ವ

ನಿಜವಾದ ವಿಶ್ವ ಪೂರ್ತಿ ಸಮರೂಪವಲ್ಲ. ಗೆಲಾಕ್ಸಿಗಳು ಬೆಳೆದದ್ದು ಸಾಂದ್ರತೆಯ ಸಣ್ಣ ಏರಿಳಿತಗಳಿಂದ. ಅವನ್ನು ಲೆಕ್ಕಕ್ಕೆ ತಂದಾಗ ನಿರ್ದೇಶಾಂಕದ ತೊಡಕು ಮತ್ತೆ ತಲೆಯೆತ್ತುತ್ತದೆ, ಏಕೆಂದರೆ ‘ಈಗ’ ಎಂಬ ಹೋಳನ್ನು ತುಸು ಓರೆ ಮಾಡಿದರೂ ಒಂದೆಡೆ ಸಾಂದ್ರತೆ ಹೆಚ್ಚು, ಇನ್ನೊಂದೆಡೆ ಕಡಿಮೆ ಎಂದು ತೋರುತ್ತದೆ. ಈ ಆಯ್ಕೆಗೆ ಗೇಜ್ ಎಂದು ಹೆಸರು. ಎವ್ಗೆನಿ ಲಿಫ್ಶಿಟ್ಜ್ 1946ರಲ್ಲಿ ಬಳಸಿದ್ದು ಸಮಕಾಲಿಕ ಗೇಜ್. ಅದರಲ್ಲಿ ಕಾಲ ಎಲ್ಲೆಡೆಯೂ ಗಡಿಯಾರದ ನಿಜಕಾಲವೇ, ಆದರೆ ಷರತ್ತುಗಳು ನಿರ್ದೇಶಾಂಕಗಳನ್ನು ಪೂರ್ತಿ ಬಿಗಿಯುವುದಿಲ್ಲವಾದ್ದರಿಂದ ಹುಸಿ ಏರಿಳಿತಗಳು ನುಸುಳುತ್ತವೆ. ನ್ಯೂಟನ್ ಗೇಜಿನಲ್ಲಿ ಏರಿಳಿತ ಶಾಲೆಯಲ್ಲಿ ಕಲಿತ ಗುರುತ್ವ ವಿಭವದಂತೆ ಕಾಣುತ್ತದೆ. ಜೇಮ್ಸ್ ಬಾರ್ಡೀನ್ 1980ರಲ್ಲಿ ಯಾವ ಗೇಜಿನಲ್ಲೂ ಬದಲಾಗದ ಜೋಡಣೆಗಳನ್ನು ಹುಡುಕಿಕೊಟ್ಟ ಮೇಲೆ ನಿಜವಾದ ಏರಿಳಿತವನ್ನೂ ಹುಸಿಯನ್ನೂ ಬೇರ್ಪಡಿಸುವುದು ಸಾಧ್ಯವಾಯಿತು. 1995ರಲ್ಲಿ ಚುಂಗ್-ಪೈ ಮಾ ಮತ್ತು ಎಡ್ಮಂಡ್ ಬರ್ಟ್‌ಶಿಂಗರ್ ಎರಡೂ ಗೇಜುಗಳ ಸಮೀಕರಣಗಳನ್ನು ಅಕ್ಕಪಕ್ಕ ಬರೆದು, ಒಂದರಿಂದ ಇನ್ನೊಂದಕ್ಕೆ ದಾಟುವ ಸೂತ್ರಗಳನ್ನೂ ಪ್ರಕಟಿಸಿದರು. ದಿಗಂತಕ್ಕಿಂತ ದೊಡ್ಡ ಅಳತೆಯ ಸಾಂದ್ರತೆ ಎರಡರಲ್ಲಿ ಬೇರೆಬೇರೆಯಾಗಿ ಕಂಡರೂ ಹಿನ್ನೆಲೆ ವಿಕಿರಣದ ಉಷ್ಣತೆಯ ಏರಿಳಿತಕ್ಕೆ ಎರಡೂ ಒಂದೇ ಉತ್ತರ ಕೊಡುತ್ತವೆ.